ಅವ್ವನ ಪ್ರಶ್ನೆಗಳಿಗೆ ರೀಲ್ಸಿನಲ್ಲಿ ಉತ್ತರ ಇಲ್ಲ

ಉಜ್ಬೇಕಿಸ್ತಾನಕ್ಕೆ ಹೋಗೋದು ಹೇಗೆ ಅಂತ ಫೋನಿನಲ್ಲಿ ಹುಡುಕಿ ನೋಡಿ, ವಿಡಿಯೋಗಳ ರಾಶಿಯೇ ಬೀಳುತ್ತೆ. ನೀಲಿ ಗುಮ್ಮಟ, ಅದರ ಮುಂದೆ ಕೈ ಚಾಚಿ ತಿರುಗೋ ಹುಡುಗಿ, ಕೆಳಗೆ "ಗೋವಾಕ್ಕಿಂತ ಸಸ್ತಾ ಫಾರಿನ್ ಟ್ರಿಪ್" ಅಂತ ದಪ್ಪ ಅಕ್ಷರ. ಎಲ್ಲ ವಿಡಿಯೋಗಳೂ ದೆಹಲಿ ವಿಮಾನ ನಿಲ್ದಾಣದಿಂದ ಶುರುವಾಗುತ್ತವೆ. ಕೊಣ್ಣೂರಿನಿಂದ ಶುರುವಾಗೋದು ಒಂದೂ ಸಿಗಲಿಲ್ಲ.

ಕೊಣ್ಣೂರು ಗೊತ್ತಿಲ್ಲದವರಿಗೆ: ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗೋ ಬಸ್ಸಿನಲ್ಲಿ ನರಗುಂದ ದಾಟಿದ ಮೇಲೆ, ಮಲಪ್ರಭಾ ಹೊಳೆಗಿಂತ ಮುಂಚೆ ಬರೋ ಊರು. ರಸ್ತೆ ಬದಿ ಪೇರಲ ಹಣ್ಣಿನ ಬುಟ್ಟಿ ಕಂಡರೆ ಬಂತು ಅಂತ ತಿಳ್ಕೊಳ್ಳಿ. ನಮ್ಮ ಕ್ಲಾಸಿನ ಅರ್ಧ ಜನಕ್ಕೆ ನಮ್ಮೂರು ಗೊತ್ತಿರೋದು 2019ರ ಆಗಸ್ಟ್ ಪ್ರವಾಹದ ಸುದ್ದಿಯಿಂದ. ಇನ್ನರ್ಧಕ್ಕೆ ಗೊತ್ತೇ ಇಲ್ಲ. ಇಲ್ಲಿಂದ ಹುಬ್ಬಳ್ಳಿಗೆ ಬಸ್ಸು, ಹುಬ್ಬಳ್ಳಿಯಿಂದ ದೆಹಲಿಗೆ ಒಂದೂವರೆ ದಿನದ ಮೇಲಿನ ರೈಲು. ದೆಹಲಿಯಿಂದ ತಾಷ್ಕೆಂಟಿಗೆ ನೇರ ದಾರಿಯಲ್ಲಿ ವಿಮಾನ ಹೋದರೆ ಮೂರು ಗಂಟೆ ಚಿಲ್ಲರೆ. ಅಂದರೆ ಪರದೇಶಕ್ಕೆ ಹೋಗೋದಕ್ಕಿಂತ ನಮ್ಮ ದೇಶ ದಾಟೋದೇ ಹತ್ತು ಪಟ್ಟು ಹೊತ್ತು. ಈ ಲೆಕ್ಕ ಯಾವ ರೀಲ್ಸಿನಲ್ಲೂ ಇಲ್ಲ.

ಆರನೇ ಸೆಮ್ ಮುಗಿದ ರಜೆಯಲ್ಲಿ ನಾವು ಮೂವರು ತಾಷ್ಕೆಂಟ್, ಸಮರ್ಕಂದ ನೋಡಿ ಬಂದೆವು. ಈ ಬರಹ ಆ ಪ್ರವಾಸದ ಕಥೆ ಅಲ್ಲ. ಪ್ರವಾಸದ ಮಾಹಿತಿ ಯಾರ ಕೈಯಲ್ಲಿದೆ, ಯಾವ ಭಾಷೆಯಲ್ಲಿದೆ ಅನ್ನೋದರ ಬಗ್ಗೆ ನನ್ನದೊಂದು ತಕರಾರಿದೆ, ಅದನ್ನ ಹೇಳಬೇಕು. ಹೇಳೋ ದಾರಿಯಲ್ಲಿ ಮಾಹಿತಿಯನ್ನೂ ಕೊಟ್ಟುಬಿಡ್ತೀನಿ. ಮುಂದಿನ ಬ್ಯಾಚಿನವರು ಅಲ್ಮಾಟಿ, ತಾಷ್ಕೆಂಟ್ ಅಂತ ಈಗಾಗಲೇ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ ಅಂತ ಸುದ್ದಿ.

ಮನೆಯಲ್ಲಿ ವಿಷಯ ತೆಗೆದಾಗ ಅವ್ವ ಬೇಡ ಅನ್ನಲಿಲ್ಲ. ಪ್ರಶ್ನೆ ಕೇಳಿದಳು. "ಅಲ್ಲಿ ಉಣ್ಣಾಕ ಏನ್ ಸಿಗತೈತಿ? ಫೋನ್ ಬಂದ್ ಬಿದ್ರ ಯಾರನ್ನ ಕೇಳ್ತಿ? ರೊಕ್ಕ ಎಲ್ಲಿ ಇಟ್ಕೋತಿ? ಜ್ವರ ಬಂದ್ರ ಯಾವ ಗುಳಿಗಿ? ಪೊಲೀಸರು ನಿಂದರಿಸಿದ್ರ ಏನ್ ತೋರಸ್ತಿ?" ಅಪ್ಪ ಒಂದೇ ಕೇಳಿದ: "ಈ ಏಜೆಂಟ್ ಹೇಳೂ ರೇಟು ಖರೇ ಐತೋ ಇಲ್ಲೋ ಹೆಂಗ್ ಗೊತ್ತಾಗಬೇಕು?" ಆರು ಪ್ರಶ್ನೆ. ನಾನು ನೋಡಿದ್ದ ವಿಡಿಯೋಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ಅವುಗಳನ್ನ ಮಾಡಿದವರಿಗೆ ಅವ್ವ ಪ್ರೇಕ್ಷಕಿಯೇ ಅಲ್ಲ. ಆದರೆ ರೊಕ್ಕ ಕೊಡೋಳು ಅವಳೇ.

ಊರಿನ ಹೆಸರು ಕೇಳಿ ತಬ್ಬಿಬ್ಬಾಗದೇ ಇದ್ದವ ಅಂದ್ರೆ ನಮ್ಮ ಅಜ್ಜ. "ತಾಷ್ಕೆಂಟ್ ಅಂದ್ರ ಶಾಸ್ತ್ರೀಜಿ ತೀರಿಕೊಂಡ ಊರಲ್ಲೇನು?" ಅಂದ. ಹೌದು, 1966ರ ಜನವರಿ 10ರಂದು ಪಾಕಿಸ್ತಾನದ ಅಯೂಬ್ ಖಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಅದೇ ರಾತ್ರಿ ಕಳೆದು 11ರ ಬೆಳಗಿನ ಜಾವ ಲಾಲ್ ಬಹಾದ್ದೂರ್ ಶಾಸ್ತ್ರಿ ತೀರಿಕೊಂಡದ್ದು ಅಲ್ಲೇ. ಅದೇ ಶಾಸ್ತ್ರಿ 1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದರು. ಜಲಾಶಯಕ್ಕೆ ಈಗ ಅವರದೇ ಹೆಸರು. ನಮ್ಮ ಕಡೆಯ ಹಿರಿಯರ ನೆನಪಿನಲ್ಲಿ ತಾಷ್ಕೆಂಟ್ ಎಂದೋ ಬಂದು ಕೂತಿದೆ, ನಮಗೇ ಅದು ಹೊಸ ಊರು. ತಾಷ್ಕೆಂಟಿನಲ್ಲಿ ಶಾಸ್ತ್ರಿ ಹೆಸರಿನ ಬೀದಿ ಇದೆ, ಪ್ರತಿಮೆ ಇದೆ. ಅದರ ಮುಂದೆ ನಿಂತು ತೆಗೆದ ಫೋಟೋ ಒಂದನ್ನೇ ಅಜ್ಜ ದೊಡ್ಡದು ಮಾಡಿಸಿ ಅಂದ. ನೀಲಿ ಗುಮ್ಮಟ ಅವನಿಗೆ ಬೇಕಾಗಲಿಲ್ಲ.

ಈಗ ಅಪ್ಪನ ಪ್ರಶ್ನೆಯಿಂದ ಶುರು ಮಾಡೋಣ, ಯಾಕಂದ್ರೆ ತಕರಾರಿನ ಬೇರು ಅಲ್ಲೇ ಇದೆ.

ನಮ್ಮ ಗುಂಪಿಗೆ ಒಬ್ಬ ಏಜೆಂಟರು ಸಿಕ್ಕಿದ್ದರು. ಪ್ಯಾಕೇಜಿನಲ್ಲಿ "ವೀಸಾ ಮತ್ತು ದಾಖಲೆ ವೆಚ್ಚ" ಅಂತ ಒಂದು ಸಾಲು, ತಲೆಗೆ ಆರು ಸಾವಿರ. ಉಜ್ಬೇಕಿಸ್ತಾನದ ಇ-ವೀಸಾಗೆ ಭಾರತೀಯರು ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. 2018ರಿಂದ ಆ ವ್ಯವಸ್ಥೆ ಇದೆ. ಒಂದು ಸಲ ಒಳಹೋಗಿ 30 ದಿನ ಇರೋ ವೀಸಾಗೆ ಶುಲ್ಕ 20 ಡಾಲರ್. ಬೇಕಾಗೋದು ಪಾಸ್‌ಪೋರ್ಟಿನ ಸ್ಕ್ಯಾನ್, ಒಂದು ಫೋಟೋ, ಕಾರ್ಡು. ಕೆಲವು ಕೆಲಸದ ದಿನಗಳಲ್ಲಿ ಪಿಡಿಎಫ್ ಮೇಲ್‌ಗೆ ಬರುತ್ತೆ, ಪ್ರಿಂಟ್ ತೆಗೆದು ಇಟ್ಟುಕೊಂಡರಾಯ್ತು. ಹಾಲ್ ಟಿಕೆಟ್ ಇಳಿಸಿಕೊಳ್ಳೋದಕ್ಕಿಂತ ಕಷ್ಟ ಅಲ್ಲ, ಕೆಲವು ಸಲ ಅದಕ್ಕಿಂತ ಸುಲಭ. ಒಂದೇ ಎಚ್ಚರ: ಹುಡುಕಿದಾಗ ಮೇಲೆ ಬರೋ ತಾಣಗಳಲ್ಲಿ ಅರ್ಧ ದಲ್ಲಾಳಿಗಳವು, ಸರ್ಕಾರಿ ತಾಣದಂತೆಯೇ ಕಾಣುತ್ತವೆ. ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಯುಜೆಡ್" ಇರೋದೇ ಅಸಲಿ.

20 ಡಾಲರ್ ಎಲ್ಲಿ, ಆರು ಸಾವಿರ ಎಲ್ಲಿ. ಏಜೆಂಟರು ಮೋಸ ಮಾಡಿದರು ಅಂತ ನಾನು ಹೇಳ್ತಿಲ್ಲ. ಅವರೂ ಅಂಗಡಿ ಇಟ್ಟವರು. ಆ ಅಂಗಡಿಯ ಸರಕು ಏನು ಅಂತ ಮಾತ್ರ ನೋಡಿ: ವಿಮಾನ ಅವರದ್ದಲ್ಲ, ಹೋಟೆಲು ಅವರದ್ದಲ್ಲ. ಅವರು ಮಾರೋದು ನಮಗೆ ಗೊತ್ತಿಲ್ಲದಿರೋದನ್ನ. ಅದನ್ನ ನಾವು ತಿಳಿದುಕೊಂಡು ಕನ್ನಡದಲ್ಲಿ ಬರೆದಿಟ್ಟರೆ ಆ ಸರಕಿನ ಬೆಲೆ ಇಳಿಯುತ್ತೆ, ಅಷ್ಟೇ ಲೆಕ್ಕ. ಪ್ಯಾಕೇಜೇ ಬೇಕು ಅನ್ನೋರು ಇನ್ನೊಂದು ತಿಳ್ಕೊಳ್ಳಿ. ವಿದೇಶಿ ಪ್ಯಾಕೇಜಿನ ಮೇಲೆ ಟಿಸಿಎಸ್ ಅಂತ ಹಿಡಿಯುತ್ತಾರೆ. ಅದು ಅವರ ಶುಲ್ಕ ಅಲ್ಲ, ರೊಕ್ಕ ಕೊಟ್ಟವರ ಪ್ಯಾನ್ ಮೇಲೆ ಜಮಾ ಆಗೋ ತೆರಿಗೆ. ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಬರುತ್ತೆ. ರಸೀದಿಯಲ್ಲಿ ಯಾರ ಪ್ಯಾನ್ ಹಾಕಿದ್ದಾರೆ ನೋಡಿಕೊಳ್ಳಿ.

ಪಾಸ್‌ಪೋರ್ಟ್ ಬಗ್ಗೆ ಉದ್ದ ಹೇಳಲ್ಲ. ನಮ್ಮ ಭಾಗದವರಿಗೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರ ಇದೆ, ಸಾಮಾನ್ಯ ಅರ್ಜಿಗೆ 1,500 ರೂಪಾಯಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕಡ್ಡಾಯ ಒಯ್ಯಿರಿ. ನಿಜವಾದ ತಲೆನೋವು ಹೆಸರು. ಆಧಾರಿನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು, ಮನೆತನದ ಅಡ್ಡಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಉತ್ತರ ಕರ್ನಾಟಕದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಬೇಡಿ. ದುಬೈ, ಶಾರ್ಜಾ ಮೇಲೆ ಹೋಗೋ ಅಗ್ಗದ ಟಿಕೆಟ್ ಸಿಕ್ಕಾಗ ಅದು ಅಡ್ಡ ಬರಬಹುದು. ಒಂದೇ ಹೆಸರಿನ ಪಾಸ್‌ಪೋರ್ಟಿನ ಪ್ರವಾಸಿಗರಿಗೆ ಯುಎಇ 2022ರ ನವೆಂಬರಿನಿಂದ ತಕರಾರು ತೆಗೆದಿದೆ.

ಟಿಕೆಟ್ ಮಾತು ಬಂತಲ್ಲ. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನ ನಮ್ಮ ವಿಮಾನಗಳಿಗೆ ಮುಚ್ಚಿದಾಗ, ಇಂಡಿಗೋ ದೆಹಲಿಯಿಂದ ತಾಷ್ಕೆಂಟಿಗೂ ಅಲ್ಮಾಟಿಗೂ ಹೋಗುತ್ತಿದ್ದ ವಿಮಾನಗಳನ್ನ ನಿಲ್ಲಿಸಿತು. ಸಣ್ಣ ವಿಮಾನ, ಸುತ್ತಿ ಹೋಗಲು ಎಣ್ಣೆ ಸಾಲದು. ಉಜ್ಬೇಕಿಸ್ತಾನ್ ಏರ್‌ವೇಸ್‌ಗೆ ಆ ನಿರ್ಬಂಧ ಇಲ್ಲ. ಹಾಗಾಗಿ ಬುಕ್ ಮಾಡೋ ಮುಂಚೆ ಭೂಪಟ ತೆಗೆದು ನೋಡಿ. ದೆಹಲಿಗೂ ತಾಷ್ಕೆಂಟಿಗೂ ನಡುವೆ ಏನೇನಿದೆ ಅಂತ ಕಂಡರೆ ಟಿಕೆಟ್ ದರ ಯಾಕೆ ಹಾರುತ್ತೆ ಅಂತ ತಾನೇ ತಿಳಿಯುತ್ತೆ. ದೆಹಲಿಯ ರೈಲಿಗೂ ವಿಮಾನಕ್ಕೂ ನಡುವೆ ಒಂದು ಇಡೀ ದಿನ ಬಿಡಿ. ನಮ್ಮ ರೈಲು ಆರು ಗಂಟೆ ತಡ ಬಂತು. ರೈಲಿನ ವಿಷಯ ಗೊತ್ತಿದ್ದೇ ಒಂದು ದಿನ ಇಟ್ಟುಕೊಂಡಿದ್ದೆವು, ನೆಮ್ಮದಿಯಿಂದ ಚಹಾ ಕುಡಿದು ಹೋದೆವು.

ಕಜಕಿಸ್ತಾನದ ಅಲ್ಮಾಟಿಗೆ ಹೋಗೋರಿಗೆ ಒಂದು ಮಾತು. 2022ರ ಜುಲೈನಿಂದ ಭಾರತೀಯರಿಗೆ ಅಲ್ಲಿ 14 ದಿನ ವೀಸಾನೇ ಬೇಡ. 180 ದಿನಗಳಲ್ಲಿ ಒಟ್ಟು 42 ದಿನ ಮೀರಬಾರದು. ವೀಸಾ ಬೇಡ ಅಂದ್ರೆ ಯಾರೂ ಏನೂ ಕೇಳಲ್ಲ ಅಂತ ಅಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ರೊಕ್ಕ, ಈ ಮೂರರ ಕಾಗದ ಕೈಯಲ್ಲಿರಲಿ. ಫೋನಿನಲ್ಲಿದ್ದರೆ ಸಾಲದು, ಚಾರ್ಜು ಆ ಹೊತ್ತಿಗೇ ಮುಗಿಯುತ್ತೆ.

ಇನ್ನು ಅವ್ವನ ಪ್ರಶ್ನೆಗಳು.

ರೊಕ್ಕ. ಅಲ್ಲಿಯ ನಾಣ್ಯ ಸೋಮ್. ಒಂದು ರೂಪಾಯಿಗೆ ನೂರಕ್ಕೂ ಹೆಚ್ಚು ಸೋಮ್ ಬರುತ್ತೆ. ಒಂದು ಲಕ್ಷದ ನೋಟಿದೆ, ಎರಡು ಲಕ್ಷದ್ದೂ ಇದೆ. ಮೊದಲ ದಿನ ಎಲ್ಲರೂ ಲಕ್ಷಾಧಿಪತಿ, ಮೂರನೇ ದಿನಕ್ಕೆ ಸೊನ್ನೆ ಎಣಿಸಿ ಸಾಕಾಗುತ್ತೆ. ನಮ್ಮ ರೂಪಾಯಿ ನೋಟು ನಂಬಿ ಹೋಗಬೇಡಿ, ಯುಪಿಐ ಅಂತೂ ಮರೆತೇಬಿಡಿ. ಮಡಿಕೆ ಇಲ್ಲದ, ಹರಿಯದ, ಪೆನ್ನಿನ ಗೀಟು ಇಲ್ಲದ ಡಾಲರ್ ನೋಟು ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಿ. 2017ರ ಸೆಪ್ಟೆಂಬರ್‌ವರೆಗೆ ಅಲ್ಲಿ ಬ್ಯಾಂಕಿನ ದರ ಒಂದು, ಬಜಾರದ ದರ ಇನ್ನೊಂದು ಇತ್ತು. ಹಳೇ ಬರಹಗಳಲ್ಲಿ "ಬಜಾರದಲ್ಲಿ ಬದಲಾಯಿಸಿ, ಲಾಭ" ಅಂತ ಸಲಹೆ ಇನ್ನೂ ಸಿಗುತ್ತೆ, ಅದು ಈಗ ನಡೆಯೋದಿಲ್ಲ. ಇಡೋದು ಎಲ್ಲಿ ಅಂತ ಅವ್ವ ಕೇಳಿದ್ದಕ್ಕೆ ಉತ್ತರ ಅವಳೇ ಕೊಟ್ಟಳು, ಒಳಗಿನ ಬನಿಯನ್ನಿಗೆ ಕಿಸೆ ಹೊಲಿದು. ನಗಬೇಡಿ. ನಮ್ಮ ಮೂವರಲ್ಲಿ ಒಬ್ಬ ಮೂರು ಸಾವಿರದ ಟ್ರಾವೆಲ್ ಪೌಚ್ ತಗೊಂಡಿದ್ದ. ಎರಡೂ ಮಾಡಿದ್ದು ಒಂದೇ ಕೆಲಸ.

ಗುಳಿಗಿ. ಇದು ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಸ್ವಲ್ಪ ಜೋರಾಗಿ ಹೇಳ್ತೀನಿ. ನಮ್ಮ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗೋ ಕೆಲವು ನೋವಿನ ಗುಳಿಗಿ, ಕೆಮ್ಮಿನ ಔಷಧಿ ಉಜ್ಬೇಕಿಸ್ತಾನದಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಟ್ರಮಡಾಲ್, ಕೊಡೀನ್ ಈ ಎರಡು ಹೆಸರು ನೆನಪಿಡಿ. ಚೀಟಿಯ ಹಿಂದಿನ ಸಣ್ಣ ಅಕ್ಷರ ಓದಿ, ಇದ್ದರೆ ಮನೆಯಲ್ಲೇ ಬಿಟ್ಟುಹೋಗಿ. ಮನೆಯವರು ಪ್ರೀತಿಯಿಂದ ಚೀಲದ ಮೂಲೆಗೆ ತುರುಕಿದ ಕೆಮ್ಮಿನ ಬಾಟಲಿ ಕಸ್ಟಮ್ಸ್‌ನಲ್ಲಿ ಬಿಚ್ಚಿದರೆ ವಿವರಿಸೋದು ಯಾರು, ಯಾವ ಭಾಷೆಯಲ್ಲಿ? ವೈದ್ಯರು ಬರೆದುಕೊಟ್ಟ ಬೇರೆ ಔಷಧಿ ಇದ್ದರೆ ಚೀಟಿ ಸಮೇತ ಒಯ್ಯಿರಿ. ಡ್ರೋನ್ ಕಥೆಯೂ ಅದೇ, ಒಯ್ಯಲೇಬೇಡಿ. ನಮ್ಮ ರೊಬೊಟಿಕ್ಸ್ ಗುಂಪಿನವನೊಬ್ಬ ಸಮರ್ಕಂದದ ಮೇಲಿಂದ ಶಾಟ್ ತೆಗೀತೀನಿ ಅಂತ ಹೊರಟಿದ್ದ, ಹೊರಡೋ ಹಿಂದಿನ ವಾರ ಬಿಡಿಸಿದೆವು. ಅಲ್ಲಿ ಅದು ಕ್ರಿಮಿನಲ್ ಕೇಸಿನವರೆಗೂ ಹೋಗಬಹುದು.

ಪೊಲೀಸರು. ಹೋಟೆಲಿನಲ್ಲಿ ಇಳಿದರೆ ನಿಮ್ಮ ಹೆಸರನ್ನ ಅವರೇ ಸರ್ಕಾರದ ವ್ಯವಸ್ಥೆಯಲ್ಲಿ ನೋಂದಾಯಿಸುತ್ತಾರೆ. ಗೆಳೆಯರ ರೂಮಿನಲ್ಲಿ ಉಳಿಯೋದಾದರೆ ಮೂರು ದಿನದೊಳಗೆ ನೋಂದಣಿ ಆಗಬೇಕು, ಇಲ್ಲಾಂದ್ರೆ ದಂಡ. ಹೋಟೆಲಿನಿಂದ ಚೀಟಿ ಕೇಳಿ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಕಿಸೆಯಲ್ಲಿ, ಭಾರತದ ರಾಯಭಾರ ಕಚೇರಿಯ ನಂಬರ್ ಕಾಗದದ ಮೇಲೆ. ಅದೇ ಕಾಗದದ ಇನ್ನೊಂದು ಪ್ರತಿ ಮನೆಯಲ್ಲಿ, ಕ್ಯಾಲೆಂಡರ್ ಹಿಂದೆ. ನಮ್ಮನೆಯಲ್ಲಿ ಅದು ಇನ್ನೂ ಅಲ್ಲೇ ಇದೆ.

ಊಟ. ನಾನು ಮಾಂಸ ತಿನ್ನಲ್ಲ, ಉಳಿದಿಬ್ಬರು ತಿಂತಾರೆ. ಅವರಿಗೆ ಹಬ್ಬ, ನನಗೆ ಹುಡುಕಾಟ. ಅಲ್ಲಿಯ ಮುಖ್ಯ ಊಟ ಪಲೋವ್, ಅಂದರೆ ಅಕ್ಕಿ, ಗಜ್ಜರಿ, ಮಾಂಸ. ಮಾಂಸ ತೆಗೆದು ಬಡಿಸ್ತೀವಿ ಅಂತ ಪ್ರೀತಿಯಿಂದಲೇ ಹೇಳ್ತಾರೆ, ಅದು ನಮ್ಮ ಅರ್ಥದ ಶಾಕಾಹಾರ ಅಲ್ಲ. ಕಲಿಯಬೇಕಾದ ಪದ "ಗೋಶ್ತ್‌ಸಿಜ್", ಮಾಂಸ ಇಲ್ಲದ್ದು. "ಸಬ್ಜಿ" ಅಂತ ಕೇಳಿದರೆ ಗಜ್ಜರಿ ಸಿಗುತ್ತೆ, ಉಜ್ಬೆಕ್ ಭಾಷೆಯಲ್ಲಿ ಸಬ್ಜಿ ಅಂದ್ರೆ ಗಜ್ಜರಿನೇ. ನನಗೆ ಹೊಟ್ಟೆ ತುಂಬಿಸಿದ್ದು ನಾನ್. ಅವರು "ನೋನ್" ಅಂತಾರೆ, ತಂದೂರಿನಂಥ ಒಲೆಯ ಗೋಡೆಗೆ ಬಡಿದು ಸುಟ್ಟ ದುಂಡನೆ ರೊಟ್ಟಿ. ಅದರ ಜೊತೆ ಟೊಮೆಟೊ, ಉಳ್ಳಾಗಡ್ಡಿ ತೆಳ್ಳಗೆ ಹೆಚ್ಚಿ ಉಪ್ಪು ಹಾಕಿದ ಸಲಾಡ್. ಕುಂಬಳಕಾಯಿ ತುಂಬಿದ ಸಮ್ಸಾ ಸಿಕ್ಕರೆ ಬಿಡಬೇಡಿ. ಕೈಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಇದ್ದವು. ಮಾಂಸ ತಿನ್ನೋ ಇಬ್ಬರೂ ನಾಲ್ಕನೇ ದಿನಕ್ಕೆ ಅದಕ್ಕೇ ಕೈ ಹಾಕಿದರು. ಒಂದು ರೀತಿ ತಿಳಿದಿರಲಿ: ನಾನನ್ನ ಬೋರಲಾಗಿ ಇಡಬಾರದು, ಕೆಳಗೆ ಚೆಲ್ಲಬಾರದು. ರೊಟ್ಟಿಗೆ ಅಷ್ಟು ಮರ್ಯಾದೆ. ಇದನ್ನ ಹೇಳಿದಾಗ ಅವ್ವ, "ಹಂಗಾರ ಛೊಲೋ ಮಂದಿ" ಅಂದಳು.

ಫೋನ್. ಪಾಸ್‌ಪೋರ್ಟ್ ತೋರಿಸಿದರೆ ಏರ್‌ಪೋರ್ಟಿನಲ್ಲೇ ಸಿಮ್ ಸಿಗುತ್ತೆ. ಕರೆಂಟು 220 ವೋಲ್ಟ್, 50 ಹರ್ಟ್ಜ್, ನಮ್ಮಂತೆಯೇ. ಎರಡು ಪಿನ್ನಿನ ಫೋನ್ ಚಾರ್ಜರ್ ಕೂರುತ್ತೆ, ಲ್ಯಾಪ್‌ಟಾಪಿನ ಮೂರು ಪಿನ್ನು ಕೂರಲ್ಲ. ಎಲೆಕ್ಟ್ರಿಕಲ್‌ನವರೇ ಇದನ್ನ ಮರೆತು ಬರ್ತಾರೆ, ಹೆಸರು ಹೇಳಲ್ಲ. ತಾಷ್ಕೆಂಟಿನೊಳಗೆ ಓಡಾಟಕ್ಕೆ ಮೆಟ್ರೋ ಇದೆ, 1977ರಲ್ಲಿ ಶುರುವಾದದ್ದು, ಮಧ್ಯ ಏಷ್ಯಾದಲ್ಲೇ ಮೊದಲು. ಒಂದೊಂದು ನಿಲ್ದಾಣವೂ ಅರಮನೆ ಹಾಗಿದೆ. ಶಾಸ್ತ್ರಿ ತೀರಿಕೊಂಡ ಮೂರೂವರೆ ತಿಂಗಳಿಗೆ, 1966ರ ಏಪ್ರಿಲ್ 26ರಂದು, ಭೂಕಂಪವಾಗಿ ಹಳೇ ಊರು ಬಹಳಷ್ಟು ಬಿತ್ತು. ಈಗ ಕಾಣೋ ಅಗಲ ರಸ್ತೆಗಳು ಆಮೇಲೆ ಕಟ್ಟಿದ್ದು. ಮೆಟ್ರೋನೂ ಭೂಕಂಪ ತಡೆಯೋ ಹಾಗೆ ಕಟ್ಟಿದ್ದು. ಸಿವಿಲ್‌ನವರು ಅದಕ್ಕಾದರೂ ಇಳಿದು ನೋಡಿ. 2018ರವರೆಗೆ ಒಳಗೆ ಫೋಟೋ ತೆಗೆಯೋ ಹಾಗಿರಲಿಲ್ಲ, ಈಗ ತೆಗೆಯಬಹುದು. ಸಮರ್ಕಂದಕ್ಕೆ ಅಫ್ರೋಸಿಯೋಬ್ ಅನ್ನೋ ವೇಗದ ರೈಲು, 344 ಕಿಲೋಮೀಟರನ್ನ ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತೆ. ಟಿಕೆಟ್ ಬೇಗ ಖಾಲಿಯಾಗುತ್ತೆ, ವೀಸಾ ಬಂದ ದಿನವೇ ಬುಕ್ ಮಾಡಿ.

ಹವಾ. ಜನವರಿಯ ಸೆಮ್ ರಜೆಯಲ್ಲಿ ಹೋದರೆ ಸೊನ್ನೆಗಿಂತ ಕೆಳಗಿನ ಚಳಿ. ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗಿನ ನಲವತ್ತು ದಿನಕ್ಕೆ ಅವರು "ಚಿಲ್ಲಾ" ಅಂತಾರೆ, ಸೆಕೆ 40 ಡಿಗ್ರಿ ಮುಟ್ಟುತ್ತೆ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಛಲೋ. ಆದರೆ ಆ ತಿಂಗಳುಗಳಲ್ಲಿ ನಮಗೆ ಇಂಟರ್ನಲ್ಸ್ ಇರುತ್ತೆ. ನಾವು ಚಿಲ್ಲಾ ಮುಗಿದ ಮೇಲೆ ಹೋದೆವು. ಏಪ್ರಿಲಿನ ಕೊಣ್ಣೂರು ಕಂಡವರಿಗೆ ಅದೇನೂ ಹೆಚ್ಚಲ್ಲ.

ಇಷ್ಟು ಮಾಹಿತಿ. ಇದನ್ನ ಯಾರು ಬೇಕಾದರೂ ಇಂಗ್ಲಿಷಿನಲ್ಲಿ ಹುಡುಕಿ ತೆಗೆಯಬಹುದು ಅಂತ ನೀವು ಅನ್ನಬಹುದು. ಮಾತು ಪೂರ್ತಿ ಸರಿ ಅಲ್ಲ. ಅಲ್ಲಿ ಏನು ನೋಡಬೇಕು ಅನ್ನೋದನ್ನ ನಮ್ಮ ಊರಿನ ಕಣ್ಣಿನಿಂದ ಬೇರೆಯವರು ಬರೆಯೋದಿಲ್ಲ. ಎರಡು ಉದಾಹರಣೆ ಕೊಡ್ತೀನಿ.

ಸಮರ್ಕಂದದ ರೇಗಿಸ್ತಾನ್ ಚೌಕದಲ್ಲಿ ಉಲುಗ್ ಬೇಗನ ಮದರಸಾ ಇದೆ, 1420ರ ಹೊತ್ತಿಗೆ ಮುಗಿದದ್ದು. ಖಗೋಳ ಕಲಿಸುತ್ತಿದ್ದ ಜಾಗ. ಅದರ ಮುಂದೆ ನಿಂತಾಗ ನನಗೆ ಮೊದಲು ಅನ್ನಿಸಿದ್ದು: ಇದನ್ನ ಎಲ್ಲೋ ನೋಡಿದೀನಿ. ನೋಡಿದ್ದು ಬೀದರಿನಲ್ಲಿ. ಮಹಮೂದ್ ಗವಾನ್ 1472ರ ಸುಮಾರಿಗೆ ಕಟ್ಟಿಸಿದ ಮದರಸಾದ ಉಳಿದ ಮಿನಾರಿನ ಮೇಲೆ ಅದೇ ಜಾತಿಯ ಬಣ್ಣದ ಹೆಂಚಿನ ಕೆಲಸ ಇನ್ನೂ ಚೂರುಪಾರು ಅಂಟಿಕೊಂಡಿದೆ. ಬೀದರಿಗೆ ಬಸ್ಸಿನಲ್ಲಿ ಹೋಗಿಬರಬಹುದು, ವೀಸಾ ಬೇಡ. ಸಮರ್ಕಂದ ನೋಡೋ ಮುಂಚೆ ಬೀದರ ನೋಡಿ ಅಂತ ನಾನು ಹಟ ಹಿಡಿದು ಹೇಳ್ತೀನಿ. ಆಮೇಲೆ ಅಲ್ಲಿ ಏನು ನೋಡ್ತಿದೀವಿ ಅನ್ನೋದು ತಿಳಿಯುತ್ತೆ. ಇನ್ನೊಂದು ಸ್ವಾರಸ್ಯ: ನಮ್ಮ ಕೊಣ್ಣೂರಿನ ಶಾಸನದಲ್ಲಿ ರಾಷ್ಟ್ರಕೂಟ ಅಮೋಘವರ್ಷ 860ರಲ್ಲಿ ಕೊಟ್ಟ ದಾನದ ಮಾತಿದೆ, ಊರಿನ ಹೆಸರು ಅದರಲ್ಲಿ ಕೊಳನೂರು. ಅದೇ ಅಮೋಘವರ್ಷನನ್ನ ಹೊಗಳಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಹೆಚ್ಚುಕಡಿಮೆ ಅದೇ ಕಾಲದವನು, ಖ್ವಾರಜ್ಮ್ ಪ್ರದೇಶದ, ಅಂದರೆ ಈಗಿನ ಖೀವಾ ಕಡೆಯ ಅಲ್ ಖ್ವಾರಿಜ್ಮಿ. ಅವನ ಹೆಸರಿನಿಂದಲೇ ಅಲ್ಗಾರಿದಮ್ ಅನ್ನೋ ಪದ ಬಂತು. ಕಂಪ್ಯೂಟರ್ ಸೈನ್ಸಿನವರು ದಿನಾ ಅವನ ಹೆಸರು ಹೇಳ್ತಾರೆ, ಊರು ಕೇಳಿದರೆ ಗೊತ್ತಿರಲ್ಲ.

ಎರಡನೆಯದು ಹತ್ತಿ. ಸಮರ್ಕಂದದ ರೈಲಿನ ಕಿಟಕಿಯಿಂದ ಮೈಲುಗಟ್ಟಲೆ ಹತ್ತಿ ಹೊಲ, ನಡುನಡುವೆ ಕಾಲುವೆ. ನನ್ನ ಗೆಳೆಯರು ಮಲಗಿದ್ದರು, ನಾನು ಮಲಗೋಕೆ ಆಗಲಿಲ್ಲ. ಒಣ ಬಯಲಿಗೆ ನೀರು ತಂದು ಹತ್ತಿ ಬೆಳೆಯಬೇಕು ಅಂತ ಸೋವಿಯತ್ ಸರ್ಕಾರ ಅಮು ದರಿಯಾ, ಸಿರ್ ದರಿಯಾ ನದಿಗಳನ್ನ ಕಾಲುವೆಗಳಿಗೆ ತಿರುಗಿಸಿತು. ಆ ಎರಡು ನದಿ ಸೇರುತ್ತಿದ್ದ ಅರಲ್ ಸಮುದ್ರ 1960ರ ದಶಕದಿಂದ ಒಣಗುತ್ತಾ ಬಂತು. ಒಂದು ಕಾಲದಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಬಂದರಾಗಿದ್ದ ಮೊಯ್ನಾಕ್ ಊರಿನಲ್ಲಿ ಈಗ ಹಡಗುಗಳು ಮರಳಿನ ಮೇಲೆ ನಿಂತಿವೆ. ಅಲ್ಲಿಗೆ ಹೋಗಲು ನಮಗೆ ದಿನ ಸಾಲಲಿಲ್ಲ, ದೇಶದ ಇನ್ನೊಂದು ಮೂಲೆ ಅದು. ವಿಡಿಯೋ ಮಾಡೋರಿಗೆ ಆ ಹಡಗು ಒಳ್ಳೇ ಹಿನ್ನೆಲೆ. ಮಲಪ್ರಭಾ ಕಾಲುವೆಯ ತುದಿಯಲ್ಲಿ ನೀರಿಗೆ ಕಾದು ಬೆಳೆದವರಿಗೆ ಅದು ಬೇರೆ ಥರ ಕಾಣುತ್ತೆ. ನಮ್ಮಲ್ಲೂ ಎರೆಭೂಮಿ, ನಮ್ಮಲ್ಲೂ ಹತ್ತಿ. ನವಿಲುತೀರ್ಥದಲ್ಲಿ ಅಣೆಕಟ್ಟು ಬಂತು. ನೀರು ಸರಿಯಾಗಿ ಮುಟ್ಟುವ ಮೊದಲೇ ಕರ ಕಟ್ಟಿ ಅಂದದ್ದಕ್ಕೆ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದರು, ಗೋಲೀಬಾರಿನಲ್ಲಿ ಸತ್ತರು. ಮಹದಾಯಿಗಾಗಿ 2015ರಿಂದ ನರಗುಂದದಲ್ಲಿ ಕೂತವರು ವರ್ಷಗಟ್ಟಲೆ ಕೂತೇ ಇದ್ದರು. ನೀರು ನಿಂತು ಸವಳು ಜವಳಾದ ಹೊಲ ಮಲಪ್ರಭಾ ಅಚ್ಚುಕಟ್ಟಿನಲ್ಲೂ ಇದೆ. ನೀರು ಬೇಕು ಅನ್ನೋದು ನಮ್ಮ ಕೂಗು, ನೀರು ತಿರುಗಿಸಿದ್ದಕ್ಕೆ ಏನಾಯ್ತು ಅನ್ನೋದು ಅವರ ಕಥೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದವರು ನಾಳೆ ನೀರಾವರಿ ಇಲಾಖೆಗೆ ಸೇರೋ ನಮ್ಮ ಸಿವಿಲ್‌ನವರು. ಅವರು ಬರೆದರೆ ನಮ್ಮೂರಲ್ಲಿ ಓದುವವರಿದ್ದಾರೆ.

ಕೊನೆಗೆ ನನ್ನ ತಕರಾರಿನ ಗಟ್ಟಿ ಭಾಗಕ್ಕೆ ಬರ್ತೀನಿ. ಒಂದು ವಾರದ ಪ್ರವಾಸದಲ್ಲಿ ಮಾಹಿತಿ ತಪ್ಪಿದರೆ ಹೋಗೋದು ಐದು-ಆರು ಸಾವಿರ. ಆದರೆ ಇದೇ ಮಧ್ಯ ಏಷ್ಯಾಕ್ಕೆ ನಮ್ಮ ಕಡೆಯ ಮಕ್ಕಳು ಎಂಬಿಬಿಎಸ್ ಓದಲು ಹೋಗ್ತಾರೆ, ಕಿರ್ಗಿಸ್ತಾನದ ಬಿಷ್ಕೆಕ್‌ಗೆ. ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗದೆ, ಇಲ್ಲಿನ ಖಾಸಗಿ ಸೀಟಿನ ರೊಕ್ಕ ಆಗದೆ, ಹೊಲ ಅಡ ಇಟ್ಟು ಕಳಿಸೋ ಅಪ್ಪಂದಿರಿದ್ದಾರೆ. ಅವರಿಗೆ ಆ ದೇಶದ ಬಗ್ಗೆ ಗೊತ್ತಿರೋದೆಲ್ಲಾ ಸೀಟು ಮಾರಿದವರು ಹೇಳಿದ್ದೇ. 2021ರ ವೈದ್ಯಕೀಯ ಆಯೋಗದ ನಿಯಮದಂತೆ ವಿದೇಶದ ಓದು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಇಲ್ಲದಿದ್ದರೆ ಇಲ್ಲಿ ಡಾಕ್ಟರ್ ಆಗೋ ದಾರಿಯೇ ಮುಚ್ಚುತ್ತೆ. ಈ ಮೂರು ವಾಕ್ಯ ಕನ್ನಡದಲ್ಲಿ ಎಷ್ಟು ಅಪ್ಪಂದಿರ ಕೈಗೆ ಸಿಕ್ಕಿದೆ? 2024ರ ಮೇ 17ರ ರಾತ್ರಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳಿಗೆ ನುಗ್ಗಿದವು. ರಾಯಭಾರ ಕಚೇರಿ ಹೊರಗೆ ಬರಬೇಡಿ ಅಂತ ಹೇಳಿ ಸಹಾಯವಾಣಿ ಕೊಟ್ಟಿತು, ಇಂಗ್ಲಿಷಿನಲ್ಲಿ. ಎರಡು ವರ್ಷ ಮುಂಚೆ ಉಕ್ರೇನಿನಲ್ಲಿ ನಮ್ಮ ಹಾವೇರಿಯ ಹುಡುಗ ಶೆಲ್ ದಾಳಿಗೆ ಸತ್ತ ಸುದ್ದಿಯನ್ನ ಮನೆಮನೆಯವರೂ ಟಿವಿಯಲ್ಲಿ ನೋಡಿದ್ದರು. ಅಂಥ ರಾತ್ರಿಯಲ್ಲಿ ಒಬ್ಬ ತಾಯಿ ಯಾವ ನಂಬರಿಗೆ, ಯಾವ ಭಾಷೆಯಲ್ಲಿ ಫೋನ್ ಮಾಡಬೇಕು? "ಫೋನ್ ಬಂದ್ ಬಿದ್ರ ಯಾರನ್ನ ಕೇಳ್ತಿ" ಅನ್ನೋ ಪ್ರಶ್ನೆಗೆ ಆಗ ನಗು ಬರೋದಿಲ್ಲ.

"ಅಷ್ಟೊಂದು ಭಯ ಇದ್ದರೆ ಮನೆಯಲ್ಲೇ ಇರಿ" ಅಂತ ನಮ್ಮ ಗುಂಪಿನಲ್ಲೇ ಒಬ್ಬ ಅಂದಿದ್ದ. ನನಗೆ ಅದು ಒಪ್ಪಿಗೆ ಇಲ್ಲ. ಪ್ರಶ್ನೆ ಕೇಳೋದು ಭಯ ಅಲ್ಲ. ಅವ್ವನ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ನಮ್ಮನೆಯಲ್ಲಿ ಯಾರೂ ತಡೆಯಲಿಲ್ಲ. ಈಗ ಓಣಿಯವರು ಅವಳನ್ನೇ ಕೇಳ್ತಾರೆ, "ಅಲ್ಲಿಗೆ ಹೋಗಾಕ ಏನೇನ್ ಬೇಕ್ರಿ?" ಅಂತ. ಅವಳು ಇಪ್ಪತ್ತು ಡಾಲರ್ ಅಂತಲೇ ಹೇಳ್ತಾಳೆ.

ಹಾಗಾಗಿ ನಮ್ಮ ಸಂಘಕ್ಕೆ ಒಂದು ಕೋರಿಕೆ. ರಾಜ್ಯೋತ್ಸವದ ಸಂಚಿಕೆಗೆ ಕವನ, ಭಾಷಣ ಬರಲಿ, ಬೇಡ ಅನ್ನಲ್ಲ. ಜೊತೆಗೆ ಈ ಪತ್ರಿಕೆಯಲ್ಲಿ ಒಂದು ಕಾಯಂ ಪುಟ ಇಡೋಣ. ಇಂಟರ್ನ್‌ಶಿಪ್ಪಿಗೆ ಜರ್ಮನಿಗೆ ಹೋದವರು, ಎಂಎಸ್‌ಗೆ ಹೋದ ಸೀನಿಯರ್‌ಗಳು, ಬಿಷ್ಕೆಕ್‌ನಲ್ಲಿ ತಂಗಿ ಓದುತ್ತಿರೋರು, ಯಾರೇ ಆಗಲಿ, ಬರೆಯಲಿ. ನಿಮ್ಮ ಊರಿನ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ. ಕೊಟ್ಟ ರೊಕ್ಕದ ನಿಜವಾದ ಲೆಕ್ಕ ಬರೆಯಿರಿ, ಶುಲ್ಕ ಎಷ್ಟು, ದಲ್ಲಾಳಿಗೆ ಎಷ್ಟು ಅಂತ ಬೇರೆ ಬೇರೆ ಹಾಕಿ. ಮನೆಯವರು ಕೇಳಿದ ಪ್ರಶ್ನೆಗಳನ್ನ ಅವರ ಮಾತಿನಲ್ಲೇ ಇಡಿ, ಪ್ರಿಂಟ್ ತೆಗೆದು ಊರಿಗೆ ಒಯ್ಯುವಷ್ಟು ದೊಡ್ಡ ಅಕ್ಷರದಲ್ಲಿ. ಮುಂದಿನ ಬ್ಯಾಚಿನ ಅಲ್ಮಾಟಿ ಗುಂಪಿನವರು ಬಂದ ಮೇಲೆ ಮೊದಲ ಬರಹ ಕೊಡ್ತೀವಿ ಅಂತ ಒಪ್ಪಿದ್ದಾರೆ. ಬರೆದ ತಾರೀಕನ್ನ ಮಾತ್ರ ಮೇಲೆ ಹಾಕಿ, ವೀಸಾ ನಿಯಮ ವರ್ಷಕ್ಕೊಂದು ಸಲ ಬದಲಾಗ್ತಿರುತ್ತೆ.